ಬಲ ಅಂಗೈಯ ಲಿಂಗ

ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಇಳಿಸಿಕೊಟ್ಟ ಕಟ್ಟನ್ನು ಶಿವಕಾಂತಾ ಮನೆಗೆ ಬರುವತನಕ ಬಿಚ್ಚಲಿಲ್ಲ. ಮಕ್ಕಳಿಗಾಗಿ ಕತೆ ಬರೆದು, ಚಿತ್ರವನ್ನೂ ತಾನೇ ಬಿಡಿಸಿದ ಅವಳ ಮೊದಲ ಪುಸ್ತಕ ಗುಲಬರ್ಗಾದ ಪ್ರೆಸ್ಸಿನಿಂದ ಬಂದಿತ್ತು. ೧೯೮೩ರ ಜೂನ್, ಶಾಲೆಗಳು ಆಗಲೇ ಶುರುವಾಗಿದ್ದವು.

ಒಬ್ಬ ಅಜ್ಜಿಯ ದಿನಚರಿಯೇ ಕತೆ. ಅಜ್ಜಿ ಎಂದರೆ ಅತ್ತೆ ಗೌರಾಬಾಯಿ. ರೊಟ್ಟಿ ಬಡಿಯುವುದು, ಎಮ್ಮೆಗೆ ನೀರು ಕುಡಿಸುವುದು, ಎಲ್ಲ ಚಿತ್ರಕ್ಕೂ ಅವಳೇ ಕೂತು ನಿಂತು ಕೊಟ್ಟಿದ್ದಳು. ಲಿಂಗಪೂಜೆಯ ಚಿತ್ರಕ್ಕೆ ಮಾತ್ರ ಬಹಳ ದಿನ ಒಪ್ಪಿರಲಿಲ್ಲ. ಪೂಜೆಗೆ ಕೂತರೆ ಹೆತ್ತ ಮಗನೂ ಎದುರು ಸುಳಿಯಬಾರದು ಎನ್ನುವವಳು. ಕೊನೆಗೆ, "ಮಕ್ಕಳಿಗಿ ಅಂದ್ರ ತಗಿ ಬೇ. ಖರೆ, ಮೂಗು ಸಣ್ಣದು ಮಾಡಬ್ಯಾಡ. ಓಣ್ಯಾಗಿನ ಮಂದಿಗಿ ಗುರ್ತು ಸಿಗಬೇಕು" ಎಂದಿದ್ದಳು.

ಗುರುತು ಸಿಗುವಂತೆಯೇ ಇತ್ತು. ಅದೇ ಉದ್ದ ಮೂಗು, ಹಣೆ ತುಂಬ ವಿಭೂತಿ. ಆದರೆ ಇಷ್ಟಲಿಂಗ ಬಲ ಅಂಗೈಯಲ್ಲಿತ್ತು. ಎಡಗೈ ಪತ್ರಿ ಏರಿಸುತ್ತಿತ್ತು.

ಶಿವಕಾಂತಾ ಪುಟ ತಿರುವಿದಳು. ಎಡಕ್ಕೆ ನೋಡುವಂತೆ ಬಿಡಿಸಿದ ಎಮ್ಮೆ ಬಲಕ್ಕೆ ಮುಖ ಮಾಡಿತ್ತು. ಎಮ್ಮೆಯದನ್ನು ಯಾರೂ ಕೇಳುವುದಿಲ್ಲ. ಲಿಂಗ ಹಿಡಿಯುವುದು ಎಡ ಅಂಗೈಯಲ್ಲಿ, ಪೂಜಿಸುವುದು ಬಲಗೈಯಿಂದ. ಓಣಿಯ ಸಣ್ಣ ಹುಡುಗಿಗೂ ಇದು ಗೊತ್ತು.

ಕಟ್ಟನ್ನು ಅಕ್ಕಿಡಬ್ಬದ ಹಿಂದೆ ತಳ್ಳಿ ಅವಳು ಗುಲಬರ್ಗಾ ಬಸ್ಸು ಹತ್ತಿದಳು. ಪ್ರೆಸ್ಸಿನ ಮ್ಯಾನೇಜರ್ ಅಂಬಾರಾಯ ಚಿತ್ರ ಅಚ್ಚೊತ್ತುವ ಸತುವಿನ ಬ್ಲಾಕನ್ನು ಬೆಳಕಿಗೆ ಹಿಡಿದು ನೋಡಿದ.

"ಬ್ಲಾಕ್ ಮಾಡಾವ ಫಿಲಂ ಬೋರಲ ಹಾಕೂದು ಮರ್ತಾನ್ರಿ. ಕನ್ನಡ್ಯಾಗ ಕಂಡಾಂಗ ಬಂದಾವ ಎಲ್ಲಾ."

"ಪ್ರೂಫಿನ್ಯಾಗ ಯಾಕ ತೋರಿಸ್ಲಿಲ್ರಿ?"

"ಆವಾಗ ಬ್ಲಾಕೇ ಬಂದಿರ್ಲಿಲ್ರಿ. ಚಿತ್ರದ ಜಾಗಾ ಖಾಲಿ ಬಿಟ್ಟು ಕಳಿಸಿದ್ದೆ. ನೀವೂ ಸಹಿ ಹಾಕೀರಿ."

ಹಾಕಿದ್ದು ನಿಜ.

"ಉಳದದ್ದರೆ ನಿಲ್ಲಸ್ರಿ."

"ಏನ್ ಉಳದಾದ್ರಿ? ಮಾಲ್ ಎಲ್ಲಾ ಸಾಲಿಗೋಳಿಗಿ ಹೋಗ್ಯಾದ. ಅಫಜಲಪುರ, ಜೇವರ್ಗಿ, ನಿಮ್ಮ ಆಳಂದಕ್ಕೂ." ಅವನು ಚಹಾ ತರಿಸಿದ. "ಮಕ್ಕಳ ಪುಸ್ತಕ ಅಕ್ಕೋರೆ. ಅಷ್ಟು ಯಾರ್ ನೋಡ್ತಾರ?"

ಸಂಜೆ ಅವಳು ಮರಳಿದಾಗ ಪಕ್ಕದ ಮನೆಯ ಕಸ್ತೂರಿಬಾಯಿ ಕಟ್ಟೆಯ ಮೇಲೆ ಗೌರಾಬಾಯಿಯ ಜೊತೆ ಕೂತಿದ್ದಳು. ಮಗಳು ಶಾಲೆಯಿಂದ ತಂದ ಪುಸ್ತಕ ತೊಡೆಯ ಮೇಲಿತ್ತು, ಅದೇ ಪುಟ ತೆರೆದಿತ್ತು.

"ಅತ್ತಿ, ಈ ವಯಸ್ಸಿನ್ಯಾಗ ಕೈ ಅದ್ಲಾಬದ್ಲಿ ಆದ್ವೇನ್ರಿ? ಸ್ವಾಮಿಗೋಳು ನೋಡಿದ್ರ ಹೊಸದಾಗಿ ದೀಕ್ಷಾ ಕೊಡ್ತಾರ ನೋಡ್ರಿ ನಿಮಗ."

ಅದು ಅತ್ತೆಯ ತಪ್ಪಲ್ಲ ಎಂದು ಶಿವಕಾಂತಾ ಶುರುಮಾಡಿದಳು. ಫಿಲಂ, ಸತುವಿನ ಹಾಳೆ, ಬೋರಲು ಹಾಕುವುದು. ಹೇಳುತ್ತ ಹೋದಂತೆ ಅವಳ ಕಿವಿಗೇ ಅದು ಕಟ್ಟುಕತೆಯಂತೆ ಕೇಳತೊಡಗಿತು.

"ಸತು ಗಿತು ನಮಗೇನ್ ತಿಳಿತಾದ ಬೇ," ಎಂದಳು ಕಸ್ತೂರಿಬಾಯಿ. "ತಗದಾಕಿ ನೀನು. ಹೆಸರೂ ನಿಂದೇ ಅದ."

ಗೌರಾಬಾಯಿ ಪುಸ್ತಕವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಅಕಿ ಕಂಡದ್ದು ಕಂಡಾಂಗ ತಗದಾಳ," ಎಂದಳು. "ಅವತ್ತು ನಾನೇ ಮರ್ತು ಬಲಗೈಯಾಗ ಹಿಡಿದಿದ್ದೆ."

"ಇಲ್ರಿ ಅತ್ತಿ, ನೀವು..."

"ನೀ ಸುಮ್ಕಿರು ಬೇ."

ಕಸ್ತೂರಿಬಾಯಿಯ ನಗು ನಿಂತಿತು. ಲಿಂಗ ಹಿಡಿಯುವುದನ್ನೇ ಮರೆತೆನೆಂದ ಹಿರಿಯಳನ್ನು ಇನ್ನು ಗೇಲಿ ಮಾಡುವಂತಿರಲಿಲ್ಲ. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಮರುದಿನ ಮೇಲಿನ ಓಣಿಯಿಂದ ಇಬ್ಬರು ಅದೇ ಪುಸ್ತಕ ಹಿಡಿದು ಬಂದರು. ಶಿವಕಾಂತಾ ಬಾಯಿ ತೆರೆಯುವ ಮೊದಲೇ ಗೌರಾಬಾಯಿ, "ಹೌದವ್ವ, ನಂದೇ ಮರವು" ಎಂದಳು.