ಪ್ಲೇಗಿನ ನಾಟಕಕ್ಕೆ ಒನ್ಸ್ ಮೋರ್

ಒಂದು ತಿಂಗಳು ಕೋಣನ ಮುಂದೆ ಕಿನ್ನರಿ ಬಾರಿಸಿದೆ. ಈ ನಾಟಕದಲ್ಲಿ ಹಾಡಿಲ್ಲ ಕಣಪ್ಪಾ ಎಂದರೆ ಪಾಲಾಕ್ಷನ ಕಿವಿಗೆ ಬಿದ್ದರೆ ತಾನೆ! ನಮ್ಮ ರಾಂಪುರದಲ್ಲಿ ಇಪ್ಪತ್ತು ವರ್ಷ ಪೌರಾಣಿಕ ನಾಟಕದ ರಾಜನಾಗಿ ಮೆರೆದವನು.

"ಹಾಡಿಲ್ದಿದ್ರೆ ಅದೆಂಥಾ ನಾಟಕ ಮೇಷ್ಟ್ರೇ?"

"ಇದು ನಡೆದದ್ದು ಕಣಯ್ಯಾ. ಯರ್ರಮ್ಮ ಹೇಳಿದ್ದು. ಒಂದು ಮಾತೂ ಹೆಚ್ಚುಕಮ್ಮಿ ಆಗಬಾರದು."

ಎಂಬತ್ತೆಂಟರ ಯರ್ರಮ್ಮ ನನ್ನ ಟೇಪ್ ರೆಕಾರ್ಡರಿನ ಮುಂದೆ ಕೂತು, ಅದುವರೆಗೆ ಯಾರಿಗೂ ಹೇಳದ್ದನ್ನು ಹೇಳಿದ್ದರು. ಪ್ಲೇಗು ಬಂದ ವರ್ಷ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಕಂಕುಳಲ್ಲಿ ಪ್ಲೇಗಿನ ಗಡ್ಡೆ ಎದ್ದಿದ್ದ ಅಕ್ಕ ಹುಚ್ಚಕ್ಕನನ್ನು ಅಪ್ಪ ಮನೆಯೊಳಗೇ ಬಿಟ್ಟ. ಹೊರಡುವಾಗ ಅಕ್ಕ ಒಳಗಿನಿಂದ ನೀರು ಕೇಳಿದಳು. ಎಂಟು ವರ್ಷದ ಯರ್ರಮ್ಮನ ಕೈಯಲ್ಲಿ ಚೊಂಬಿತ್ತು. ಅಪ್ಪ ಎಳೆದುಕೊಂಡು ಹೋದ.

"ಜನಕ್ಕೆ ತೋರ್ಸ್ರಿ ಮೇಷ್ಟ್ರೇ, ನನ್ನೆದೆ ಹಗುರಾಗ್ಲಿ" ಎಂದಿದ್ದರು. ನಾನು ಮಾತು ಕೊಟ್ಟಿದ್ದೆ.

ಸ್ವಾತಂತ್ರ್ಯದ ಸುವರ್ಣ ಮಹೋತ್ಸವದ ದಿನ ಶಾಲೆಯ ಮೈದಾನದಲ್ಲಿ ನಾಟಕ. ಅಪ್ಪನಾಗಿದ್ದ ಪಾಲಾಕ್ಷ, ಕೈ ಎಳೆಯುವ ಜಾಗ ಬಂದದ್ದೇ ತಡ, ನನ್ನ ಕಡೆ ನೋಡದೆ ಹಾಡು ಶುರುಹಚ್ಚಿಕೊಂಡ. ಅವನ ಗೆಳೆಯ ಚಿತ್ತಪ್ಪ ಪರದೆಯ ಹಿಂದೆ ಹಾರ್ಮೋನಿಯಂ ಬೇರೆ ಬಚ್ಚಿಟ್ಟಿದ್ದ!

"ಒನ್ಸ್ ಮೋರ್!" ಎಂದು ಮೈದಾನವೆಲ್ಲ ಕೂಗಿತು.

ನಮ್ಮ ಕಡೆ ಒನ್ಸ್ ಮೋರ್ ಬಿದ್ದರೆ ಸತ್ತವನೂ ಎದ್ದು ಇನ್ನೊಮ್ಮೆ ಸಾಯಬೇಕು. ಪಾಲಾಕ್ಷ ಆಗಲೇ ಮತ್ತೆ ಮೊದಲಿನ ಜಾಗಕ್ಕೆ ಹೋಗಿ ನಿಂತಿದ್ದ. ಥೂ, ಇವನ ಮನೆ ಕಾಯ್ವೋಗ! ನಾನು ಪರದೆಯ ಹಗ್ಗಕ್ಕೆ ಕೈ ಹಾಕಿದೆ.

ಮುಂದಿನ ಸಾಲಿನಿಂದ ಯರ್ರಮ್ಮ ಎದ್ದರು.

"ಎಳೀಬ್ಯಾಡ್ರಿ ಮೇಷ್ಟ್ರೇ. ಇನ್ನೊಂದ್ಸಲ ಆಡ್ಲಿ." ಆಮೇಲೆ ತಮ್ಮ ಪಾತ್ರ ಮಾಡುತ್ತಿದ್ದ ತೇಜಶ್ರೀಗೆ ಹೇಳಿದರು: "ಈ ಸಲ ಕೈ ಬಿಡಿಸ್ಕಂಡು ಒಳಕ್ಕೋಗವ್ವಾ. ಅಕ್ಕನಿಗೆ ನೀರು ಕೊಡು."

"ಅಜ್ಜೀ, ಹಂಗೆ ನಡೀಲಿಲ್ಲವಲ್ಲ..." ಎಂದೆ ನಾನು.

"ನಂಗೊತ್ತಿಲ್ವೇನ್ರೀ?"

ನಾನು ಹಗ್ಗ ಬಿಟ್ಟೆ. ಪಾಲಾಕ್ಷ ಹಾಡದೆ ಹುಡುಗಿಯ ಕೈ ಬಿಟ್ಟ. ಅವಳು ಬಾಗಿಲವರೆಗೆ ಹೋಗಿ ನಿಂತಳು, ಚೊಂಬನ್ನು ಬೋರಲು ಮಾಡಿ ನನಗೆ ತೋರಿಸಿದಳು. ಒಳಗೇ ಹೋಗದವಳಿಗೆ ನೀರು ಯಾಕೆ ಎಂದು ಖಾಲಿ ಚೊಂಬು ಕೊಟ್ಟವನು ನಾನೇ.

"ತಡೀರೋ, ಒಂದನ್ನೂ ನೆಟ್ಟಗೆ ಮಾಡಲ್ಲ ನೀವು!" ಎಂದು ಎಲ್ಲರಿಗೂ ಬೈಯುತ್ತಾ, ಚೊಂಬು ಕಿತ್ತುಕೊಂಡು ಶಾಲೆಯ ಬೋರಿಂಗಿಗೆ ಓಡಿದೆ.