ಪೂಜೆಯ ನೀರು ಕುಡಿದ ಕರೆಂಟಿನ ಒಲೆ

ಹವಿಸ್ಸನ್ನು ಹೊತ್ತು ದೇವತೆಗಳಿಗೆ ಮುಟ್ಟಿಸುವವನೂ, ಬಡವನ ಒಲೆಯಲ್ಲಿ ಗಂಜಿ ಬೇಯಿಸುವವನೂ, ಕಡಲಿನ ಒಡಲಲ್ಲಿ ವಡಬಾಗ್ನಿಯಾಗಿ ಮಲಗಿರುವವನೂ ಒಬ್ಬನೇ ಆದ ಅಗ್ನಿದೇವನಿಗೆ ನನ್ನ ಮೊದಲ ನಮಸ್ಕಾರ. ಅವನನ್ನು ಊದಿ ಎಚ್ಚರಿಸುವ ವಾಯುದೇವನಿಗೆ ಎರಡನೆಯದು. ನಾನು ಹೇಳಹೊರಟಿರುವುದು ನನ್ನದೇ ಮಾತ್ಸರ್ಯದ ವೃತ್ತಾಂತ. ಅದರಲ್ಲಿ ನನ್ನನ್ನು ನಾನು ಚೆಂದಗಾಣಿಸಿಕೊಳ್ಳದಂತೆ ಅವರಿಬ್ಬರೂ ಕಾಯಲಿ.

ನಾನು ಒಂದು ಹೊಗೆಪೆಟ್ಟಿಗೆ. ಮೀನನ್ನೋ ಮಾಂಸವನ್ನೋ ನೇರ ಉರಿಗೆ ಒಡ್ಡದೆ, ಹದವಾದ ಹೊಗೆಯಲ್ಲಿ ಗಂಟೆಗಟ್ಟಲೆ ಇರಿಸಿ ಬೇಯಿಸುವ ಯಂತ್ರ. ಕಡಲಾಚೆಯ ಕಾರ್ಖಾನೆಯೊಂದರಲ್ಲಿ ಉಕ್ಕಿನ ಹಾಳೆ ಬಾಗಿ ನನ್ನ ಒಡಲಾಯಿತು. ನಾಲ್ಕು ಕಾಲು, ಕಮಾನಿನಂತಹ ಮುಚ್ಚಳ, ಪಕ್ಕದಲ್ಲೊಂದು ಮೇವಿನ ಡಬ್ಬ. ನನ್ನ ಮೇವಿಗೆ ಪೆಲೆಟ್ ಎಂದು ಹೆಸರು. ಮರದ ಹೊಟ್ಟನ್ನು ಒತ್ತಿ ಮಾಡಿದ ಸಣ್ಣ ಗುಳಿಗೆಗಳವು. ಡಬ್ಬದ ತಳದಲ್ಲಿ ತಿರುಗುವ ಸುರುಳಿ ಅವನ್ನು ತಳ್ಳುತ್ತ ಕಬ್ಬಿಣದ ಬಟ್ಟಲಿಗೆ ಬೀಳಿಸುತ್ತದೆ. ಅಲ್ಲಿ ಕರೆಂಟಿನಿಂದ ಕೆಂಪಾಗುವ ರಾಡು ಕಿಡಿ ಹೊತ್ತಿಸುತ್ತದೆ, ಪುಟ್ಟ ಫ್ಯಾನು ಉಸಿರೂದುತ್ತದೆ. ಯಾವುದು ಯಾವಾಗ ಎಂದು ಆಜ್ಞಾಪಿಸುವುದು ನನ್ನ ಪಕ್ಕೆಯಲ್ಲಿರುವ ಬೋರ್ಡು. ಹೀಗೆ ಬೆಂಕಿಯೂ ಗಾಳಿಯೂ ನನ್ನೊಳಗೆ ಆಜ್ಞೆಗೆ ಒಳಪಟ್ಟು ನಡೆಯುತ್ತಿದ್ದವು. ನನಗೆ ಗರ್ವ ಬಂದದ್ದು ಅಲ್ಲಿಂದಲೇ.

ನನ್ನ ಮೊದಲ ಮನೆ ಸಮುದ್ರತೀರದ ಒಂದು ಪ್ರವಾಸಿ ತಂಗುದಾಣ. ಬಿಳಿ ಟೋಪಿಯ ಬಾಣಸಿಗ ನನ್ನ ಮುಚ್ಚಳ ತೆರೆದಾಗಲೆಲ್ಲ ಅತಿಥಿಗಳು ನನ್ನ ಪಕ್ಕದಲ್ಲಿ ನಿಂತು ಪಟ ತೆಗೆಸಿಕೊಳ್ಳುತ್ತಿದ್ದರು. ಎರಡು ವರ್ಷದ ತರುವಾಯ ಗಾಜಿನ ಬಾಗಿಲಿನ, ಒಳಗೆ ದೀಪ ಉರಿಯುವ ಒಂದು ಗ್ಯಾಸ್ ಒಲೆ ಬಂತು. ಅತಿಥಿಗಳೆಲ್ಲ ಅದರತ್ತ ತಿರುಗಿದರು. ಅದರ ಗಾಜು ಒಡೆಯಲಿ ಎಂದು ದಿನವೂ ಹಾರೈಸಿದೆ. ಅದು ಒಡೆಯಲಿಲ್ಲ. ನನ್ನನ್ನು ಹಿತ್ತಿಲಿಗೆ ಸಾಗಿಸಿದರು. ಉಪ್ಪುಗಾಳಿ ನನ್ನ ತಳವನ್ನು ಮೆಲ್ಲನೆ ನೆಕ್ಕತೊಡಗಿತು.

ಅಲ್ಲಿಂದ ನನ್ನನ್ನು ಕೊಂಡುತಂದವನು ಸದಾನಂದ ಮೊಗವೀರ. ಕುಂದಾಪುರದ ಪಕ್ಕದ ಕೋಡಿಯಲ್ಲಿ, ಕಡಲಿಗೆ ಮುಖ ಮಾಡಿ, ಅವನೂ ಅವನ ಹೆಂಡತಿ ಗುಲಾಬಿಯೂ ಒಂದು ಊಟದಂಗಡಿ ನಡೆಸುತ್ತಿದ್ದರು. ಗುಲಾಬಿ ಹೊಗೆಯಲ್ಲಿ ಬೇಯಿಸಿದ ಬಂಗುಡೆ ಮೀನಿಗೆ ಹತ್ತೂರಿನಲ್ಲಿ ಹೆಸರು. ಆದರೆ ಇಪ್ಪತ್ತು ವರ್ಷದ ಹೊಗೆ ಅವಳ ಎದೆಯಲ್ಲಿ ಮನೆ ಮಾಡಿತ್ತು. ಹೊಗೆಯ ಮುಂದೆ ಕೂರುವುದನ್ನು ಬಿಡದಿದ್ದರೆ ಮುಂದಿನ ಮಳೆಗಾಲಕ್ಕೆ ಉಸಿರು ಎಳೆಯುವುದೇ ಕಷ್ಟವಾದೀತೆಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಹೊಗೆ ಬಿಟ್ಟರೆ ಅಂಗಡಿಯಿಲ್ಲ, ಹಿಡಿದರೆ ಗುಲಾಬಿಯಿಲ್ಲ. ಆ ಇಕ್ಕಟ್ಟಿಗೆ ಪರಿಹಾರವಾಗಿ ನಾನು ಟೆಂಪೋದಿಂದ ಇಳಿದೆ.

"ಹ್ವಾಯ್, ಇದ್ ಎಂತ ತಂದದ್ದ್? ಹೆಣದ್ ಪೆಟ್ಟಿಗಿ ಕಂಡಂಗ್ ಇತ್ತಲೆ!" ಎಂದಳು ಗುಲಾಬಿ.

"ಕರೆಂಟಿನ್ ಒಲಿ ಮಾರಾಯ್ತಿ. ಇನ್ನ್ ನೀ ಹೊಗಿ ಕುಡೂದ್ ಬ್ಯಾಡ. ಸ್ವಿಚ್ ಹಾಕುದ್, ಆಚಿ ಹೋಯಿ ಕೂಕಂಬುದ್. ಅಷ್ಟೇ" ಎಂದ ಸದಾನಂದ.

ಅವಳು ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲುವವರೆಗೆ ಅವನು ನನ್ನ ಮುಚ್ಚಳದ ಮೇಲೆ ಕೈಯಿಟ್ಟು ನಿಂತಿದ್ದ.

ಅಂಗಳದ ಮೂಲೆಯಲ್ಲಿ ಆಗ ನನ್ನ ವೈರಿಯನ್ನು ಕಂಡೆ. ಎಣ್ಣೆ ಮಿಲ್ಲಿನಿಂದ ಬಂದ ಒಂದು ಹಳೆಯ ಡ್ರಮ್ಮು. ಬುಡದಲ್ಲಿ ಉಳಿಯಿಂದ ಕೊರೆದ ಬಾಯಿ, ನಡುವೆ ಅಡ್ಡ ಹಾಯಿಸಿದ ಕಬ್ಬಿಣದ ಸರಳು, ಮೇಲೆ ಒದ್ದೆ ಗೋಣಿ. ತೆಂಗಿನ ಸಿಪ್ಪೆ, ಕರಟ ಅದರ ಆಹಾರ. ಬಣ್ಣವಿಲ್ಲ, ಬೋರ್ಡಿಲ್ಲ, ಸೊಂಟಕ್ಕೊಂದು ಪೆಟ್ಟಿನ ಕುಳಿ. ಗುಲಾಬಿಯ ಅತ್ತೆಯ ಕಾಲದಿಂದಲೂ ಅದು ಅಲ್ಲೇ ನಿಂತಿತ್ತಂತೆ. ಇಂತಹ ಮಸಿಗಡಿಗೆ ನನಗೆ ಎದುರಾಳಿಯೇ ಎಂದು ಮೊದಲ ದಿನ ಅಂದುಕೊಂಡೆ.

ಮೊದಲ ವಾರವೇ ನನಗೆ ಉತ್ತರ ಸಿಕ್ಕಿತು. ಗಿರಾಕಿಯೊಬ್ಬ ನನ್ನ ಬಂಗುಡೆಯನ್ನು ಬಾಯಿಗಿಟ್ಟು, ತಲೆದೂಗಿ, ತಟ್ಟೆ ಸರಿಸಿದ.

"ಗುಲಾಬಕ್ಕ, ಅಡ್ಡಿಲ್ಲೆ. ಆದ್ರೆ ಡ್ರಮ್ಮಿನ್ ಮೀನಿದ್ರೆ ಒಂದ್ ಕೊಡಿ ಕಾಂಬೊ."

ನನ್ನ ಬಟ್ಟಲಿನ ಬೆಂಕಿಗಿಂತ ಆ ಮಾತು ಹೆಚ್ಚು ಸುಟ್ಟಿತು. ನನ್ನ ಮೀನು ಸಮನಾಗಿ ಬೆಂದಿತ್ತು, ಎಲ್ಲಿಯೂ ಕರಕಾಗಿರಲಿಲ್ಲ. ಡ್ರಮ್ಮಿನ ಮೀನಿಗೆ ಒಂದು ಬದಿ ಕಪ್ಪು, ಇನ್ನೊಂದು ಬದಿ ಹಸಿ. ಆದರೂ ಅದರ ಸಿಪ್ಪೆಹೊಗೆಯ ವಾಸನೆ ಅವರ ಬಾಲ್ಯಕ್ಕೆ ಸೇರಿದ್ದು. ಗುಲಾಬಿ ಕೂಡ, ಗಂಡ ಪೇಟೆಗೆ ಹೋದಾಗ, ಕದ್ದು ಡ್ರಮ್ಮಿನ ಮುಂದೆ ಕೂತು ಊದುಗೊಳವೆ ಹಿಡಿಯುತ್ತಿದ್ದಳು. ಅವಳ ಕೆಮ್ಮು ಕೇಳಿದಾಗ ನನಗೆ ಮರುಕ ಹುಟ್ಟಬೇಕಿತ್ತು. ಹುಟ್ಟಲಿಲ್ಲ. ನನ್ನನ್ನು ಬಿಟ್ಟು ಅದರ ಬಳಿ ಹೋದವಳಿಗೆ ಕೆಮ್ಮು ತಕ್ಕದ್ದೇ ಎಂದು ಎಣಿಸಿದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಹೇಳದಿದ್ದರೆ ಕಥೆ ಸುಳ್ಳಾಗುತ್ತದೆ.

ನವರಾತ್ರಿ ಬಂತು. ಆಯುಧಪೂಜೆಯ ದಿನ ಯಂತ್ರಗಳಿಗೆ ಕೆಲಸವಿಲ್ಲ. ಅಂದು ಅವು ದೇವರು. ಸದಾನಂದ ಸ್ಕೂಟರು, ರುಬ್ಬುವ ಕಲ್ಲು, ಮೀನು ಕೊಯ್ಯುವ ಕತ್ತಿ ಎಲ್ಲವನ್ನೂ ಅಂಗಳದಲ್ಲಿ ಸಾಲಾಗಿರಿಸಿದ. ಗುಲಾಬಿ ಡ್ರಮ್ಮಿನ ಬೂದಿ ತೆಗೆದು, ಮೈಗೆ ಮೂರೆಳೆ ವಿಭೂತಿ ಎಳೆದು, ಕುಂಕುಮವಿಟ್ಟು, ಸೇವಂತಿಗೆಯ ಮಾರುದ್ದದ ಮಾಲೆ ಹಾಕಿದಳು. ನನ್ನ ಹಿಡಿಕೆಗೆ ಸಿಕ್ಕಿದ್ದು ಉಳಿದ ದಾರದ ತುದಿಯಲ್ಲಿದ್ದ ನಾಲ್ಕು ಹೂವು. ನನಗೂ ಸಕಲ ಉಪಚಾರ ಸಲ್ಲಬೇಕೆಂದು ಮನಸ್ಸಿನಲ್ಲಿಯೇ ಹಟ ಹಿಡಿದು ಬೇಡಿದೆ.

ದೇವರು ಆ ಬೇಡಿಕೆಯನ್ನು ಕೇಳಿಸಿಕೊಂಡ. ಸ್ಕೂಟರು ತೊಳೆದು ಮುಗಿಸಿದ ಸದಾನಂದನ ಕಣ್ಣು ನನ್ನ ಮೇಲೆ ಬಿತ್ತು. "ಪಾಪ, ಇದಕ್ಕೂ ಮೀಯ್ಸುವ" ಎಂದು ನೀರಿನ ಪೈಪು ತಿರುಗಿಸಿದ. ಮುಚ್ಚಳ, ಒಡಲು, ಮೇವಿನ ಡಬ್ಬ, ಬೋರ್ಡಿನ ಪೆಟ್ಟಿಗೆ, ಹಿಂಬದಿಯ ಗಾಳಿಕಿಂಡಿ, ಒಂದನ್ನೂ ಬಿಡದೆ ತಿಕ್ಕಿ ತೊಳೆದ. ಕಡೆಗೆ ಅರಿಶಿನ ಕದಡಿದ ಒಂದು ತಂಬಿಗೆ ನೀರನ್ನು ಭಕ್ತಿಯಿಂದ ನನ್ನ ಪಕ್ಕೆಗೆ ಸುರಿದ. ಅಭಿಷೇಕ! ಡ್ರಮ್ಮಿಗೆ ಒದ್ದೆಬಟ್ಟೆಯ ಒರೆಸಾಟ ಮಾತ್ರ, ನನಗೆ ಅಭಿಷೇಕ! ನೀರು ಒಳಗೊಳಗೆ ಇಳಿಯುತ್ತಿದ್ದರೂ ನಾನು ಹಿಗ್ಗಿ ನಿಂತೆ.

ವಿಜಯದಶಮಿಯ ಬೆಳಿಗ್ಗೆ ಸದಾನಂದ ಸ್ವಿಚ್ಚು ಹಾಕಿದ. ನನ್ನೊಳಗೆ ಟಪ್ಪೆಂದಿತು. ಅಂಗಡಿಯ ದೀಪ, ಫ್ಯಾನು, ಫ್ರಿಜ್ಜು ಎಲ್ಲ ಒಮ್ಮೆಗೇ ಆರಿದವು. ಕರೆಂಟು ಎಲ್ಲಿಯಾದರೂ ಸೋರಿದರೆ ತಾನೇ ಬೀಳುವ ಕಾವಲು ಸ್ವಿಚ್ಚೊಂದು ಗೋಡೆಯಲ್ಲಿದೆ; ಅದು ಬಿದ್ದಿತ್ತು. ಸದಾನಂದ ಎತ್ತಿದ. ಮತ್ತೆ ಬಿತ್ತು. ಅಷ್ಟರಲ್ಲಿ ಗುಲಾಬಿ ಡ್ರಮ್ಮಿಗೆ ಬೆಂಕಿ ಹಾಕಿಯೇಬಿಟ್ಟಿದ್ದಳು. ಬಾಗಿಲಲ್ಲಿ ನಿಂತ ಗಿರಾಕಿಗಳು ಸಂತೋಷದಿಂದ ಮೂಗರಳಿಸಿದರು. ಆ ಸಂತೋಷವನ್ನು ನನ್ನಿಂದ ಸಹಿಸಲಾಗಲಿಲ್ಲ. ಎತ್ತು, ಇನ್ನೊಮ್ಮೆ ಎತ್ತು ಎಂದು ಒಳಗೇ ಕೂಗಿಕೊಂಡೆ. ಅವನು ಮತ್ತೆ ಎತ್ತಿ, ಬೀಳದಂತೆ ಹೆಬ್ಬೆರಳಿನಿಂದ ಒತ್ತಿ ಹಿಡಿದ. ನನ್ನ ಬೋರ್ಡಿನಲ್ಲಿ ನೀಲಿ ಮಿಂಚೊಂದು ಹರಿಯಿತು. ಸ್ವಿಚ್ಚು ಮೂರನೆಯ ಸಲ ಬಿತ್ತು, ಸುಟ್ಟ ವಾಸನೆ ಬಂತು. ಆಮೇಲೆ ನನಗೆ ಆಜ್ಞೆ ಕೊಡುವವರೇ ಇಲ್ಲವಾದರು.

ಮರುದಿನ ಲೋಬೊ ಮಾಸ್ಟ್ರು ಬಂದರು. ಐಟಿಐಯಲ್ಲಿ ವಿದ್ಯುತ್ ಕೆಲಸ ಕಲಿಸಿ ನಿವೃತ್ತರಾದವರು. ಬಂದವರೇ ಮೊದಲು ನನ್ನ ಪ್ಲಗ್ಗನ್ನು ಕಿತ್ತು ಕಣ್ಣೆದುರಿಗೆ ಇಟ್ಟುಕೊಂಡರು. ತಿರುಪು ಬಿಚ್ಚಿ ಪಕ್ಕೆಯ ಮುಚ್ಚಳ ತೆಗೆದಾಗ ಹಳದಿ ನೀರು ಅವರ ಪಾದಕ್ಕೆ ಹರಿಯಿತು.

"ಸದಾನಂದ, ನೀ ಪೂಜಿ ಮಾಡಿದ್ಯಾ, ತರ್ಪಣ ಬಿಟ್ಟಿದ್ಯಾ?"

"ಸ್ಕೂಟ್ರಿಗೂ ಹಂಗೇ ಮಾಡ್ದೆ ಮಾಸ್ಟ್ರೆ. ಅದಕ್ಕೆ ಎಂತದೂ ಆಯಿಲ್ಲೆ."

"ಸ್ಕೂಟರ್ ಮಳಿಯಗ್ ತಿರ್ಗುಕೇ ಹುಟ್ಟಿದ್. ಇದ್ ಹಂಗಲ್ಲ. ಮತ್ತೆ, ಆ ಸ್ವಿಚ್ ಬಿದ್ದದ್ದ್ ಎಷ್ಟ್ ಸಲ?"

"ಮೂರ್ ಸಲ."

"ಒಂದ್ ಸಲ ಬಿದ್ದಾಗ ಬಿಟ್ಟಿದ್ರೆ ಎರಡ್ ದಿನ ಒಣಗ್ಸಿ ಸರಿ ಮಾಡ್ಲಕ್ಕಿತ್ತ್. ಅದ್ ಬೀಳುದಂದ್ರೆ ಬ್ಯಾಡ ಅಂಬುದ್ ಮಾರಾಯ."

ಗುಲಾಬಿ ಒಳಗಿನಿಂದ ಚಾ ತಂದಳು. "ಅವ್ರಿಗೆ ಅದ್ ತಿಳೂದಿಲ್ಲೆ ಮಾಸ್ಟ್ರೆ. ಹೆಣ್ಣ್ ಕೇಂಬುಕೆ ಬಂದಾಗ್ಳೂ ನಮ್ಮ್ ಅಪ್ಪಯ್ಯ ಎರಡ್ ಸಲ ಬ್ಯಾಡ ಅಂದಿದ್ರ್. ಇವ್ರ್ ಮೂರ್ನೇ ಸಲವೂ ಬಂದ್ರ್!"

ಮೂವರೂ ನಕ್ಕರು, ಸದಾನಂದನ ನಗು ಮಾತ್ರ ಬೇಗ ಆರಿತು.

ಮಾಸ್ಟ್ರು ನನ್ನ ಅಂಗಗಳನ್ನು ಒಂದೊಂದಾಗಿ ಬಿಡಿಸಿ ಮೀಟರಿನ ಕಡ್ಡಿ ಮುಟ್ಟಿಸುತ್ತ ಹೋದರು. ಫ್ಯೂಸು ಕಡಿದಿತ್ತು. ಬೋರ್ಡು ಸುಟ್ಟು ಕಪ್ಪಾಗಿತ್ತು; ಅದನ್ನು ಮಾಡುವವರು ಈಗ ಮಾಡುತ್ತಿಲ್ಲವೆಂದು ಫೋನಿನಲ್ಲಿ ತಿಳಿಯಿತು. ಕಿಡಿ ಹೊತ್ತಿಸುವ ರಾಡು ಬಿರಿದು ಕರೆಂಟು ಸೋರುತ್ತಿತ್ತು. ಕಾವಲು ಸ್ವಿಚ್ಚನ್ನು ಬೀಳಿಸಿದ್ದು ಅದೇ. ಫ್ಯಾನಿಗೆ ನೇರ ಕರೆಂಟು ಕೊಟ್ಟಾಗ ಅದು ಗಿರ್ರೆಂದು ತಿರುಗಿತು. ಸುರುಳಿಯ ಮೋಟಾರು ಗುಂಯ್‌ಗುಟ್ಟಿತು, ಆದರೆ ಸುರುಳಿ ಅಲುಗಲಿಲ್ಲ. ನೆನೆದ ಪೆಲೆಟ್ಟು ಉಬ್ಬಿ ಕೊಳವೆಯಲ್ಲಿ ಗಾರೆಯಂತೆ ಗಟ್ಟಿಯಾಗಿತ್ತು. ಕೊನೆಗೆ ಅವರು ನನ್ನ ತಳಕ್ಕೆ ತಿರುಪುಳಿ ಒತ್ತಿದರು. ತುಕ್ಕು ತಿಂದ ತಗಡನ್ನು ತೂರಿ ಅದು ಆಚೆ ಹೋಯಿತು.

"ಬೆಸುಗಿ ಹಾಕ್ಸುಕೆ ಆತ್ತಿಲ್ಯಾ?" ಎಂದ ಸದಾನಂದ.

"ಹಪ್ಪಳಕ್ಕೆ ಬೆಸುಗಿ ಹಾಕ್ತ್ರಾ? ಮೈ ಹೋಯ್ತ್. ಆದ್ರೆ ಉಸಿರ್ ಇತ್ತ್." ಮಾಸ್ಟ್ರು ಸುತ್ತ ನೋಡಿದರು. ಅವರ ದೃಷ್ಟಿ ಡ್ರಮ್ಮಿನ ಮೇಲೆ ನಿಂತಿತು. "ಆ ಡ್ರಮ್ಮಿನ್ ತಗಡ್ ಗಟ್ಟಿ ಇತ್ತಲೆ. ಬೇಕರಿ ಒಲಿಗೆ ಹಾಕುವ ಕಂಟ್ರೋಲ್ ಒಂದ್, ಹೊಸ ರಾಡ್ ಒಂದ್ ತರುವ. ಇದರ್ ಡಬ್ಬ, ಸುರುಳಿ, ಬಟ್ಲ್, ಫ್ಯಾನ್ ಅದಕ್ಕೆ ಕೂರ್ಸುವ. ಸುರುಳಿ ಹಿಡ್ತ ಬಿಟ್ರೆ ಮಾತ್ರ. ಬಿಡದಿದ್ರೆ ಎಂತ ಮಾಡೂಕೂ ಆತ್ತಿಲ್ಲೆ."

ನನ್ನ ಉಸಿರು, ನನ್ನ ಗಂಟಲು, ನನ್ನ ಜಠರ ಆ ಮಸಿಗಡಿಗೆಯ ಪಾಲೇ! ನನ್ನಲ್ಲಿ ಉಳಿದಿದ್ದ ಶಕ್ತಿಯನ್ನೆಲ್ಲ ಸುರುಳಿಗೆ ತಂದು ಬಿಗಿಹಿಡಿದೆ. ಮಾಸ್ಟ್ರು ಸುತ್ತಿಗೆಯಿಂದ ಬಡಿದರು, ಎಣ್ಣೆ ಬಿಟ್ಟರು, ಇಕ್ಕಳ ಹಾಕಿ ತಿರುಚಿದರು. ಬಿಡಲಿಲ್ಲ. "ಬಿಸಿಲಿಗೆ ಇಡಿ. ನಾಳಿಕೆ ಒಂದ್ ಸಲ ಕಾಂಬ. ಇಲ್ದಿರೆ ಗುಜರಿಯೇ" ಎಂದು ಹೋದರು. ಗುಜರಿಯ ಮಾತೂ ನನಗೆ ಹಿತವಾಗಿ ಕೇಳಿಸಿತು. ನಾನು ಕೆಟ್ಟರೂ ಸರಿ, ಡ್ರಮ್ಮು ಬಾಳಬಾರದು.

ಆ ಮಧ್ಯಾಹ್ನ ಅಂಗಡಿ ತುಂಬಿತ್ತು. ಗುಲಾಬಿ ಡ್ರಮ್ಮಿನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಊದುತ್ತಿದ್ದಳು. ಗಾಳಿ ತಿರುಗಿ ಹೊಗೆ ಅವಳ ಮುಖಕ್ಕೆ ನುಗ್ಗಿತು. ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ. ಊದುಗೊಳವೆ ಕೈಜಾರಿತು. ಅವಳು ಎದ್ದು, ಎರಡು ಹೆಜ್ಜೆ ನಡೆದು, ಬಿಸಿಲಿನಲ್ಲಿಟ್ಟಿದ್ದ ನನ್ನನ್ನು ತಬ್ಬಿಕೊಂಡಂತೆ ಆತು ನಿಂತಳು. ಅವಳ ಎದೆ ನನ್ನ ಮುಚ್ಚಳಕ್ಕೆ ಒತ್ತಿತ್ತು. ಒಳಗಿನ ಶಬ್ದ ನನಗೆ ಕೇಳಿಸಿತು. ತೂತು ಬಿದ್ದ ತಿದಿಯಂತೆ ಅದು ಗಾಳಿಗಾಗಿ ಹಂಬಲಿಸುತ್ತಿತ್ತು. ಸದಾನಂದ ನೀರು ತಂದವನು, ಕುಡಿಸಲೂ ತೋಚದೆ ಚೊಂಬು ಹಿಡಿದು ನಿಂತ.

"ನಾನೇ ನೀರ್ ಹಾಕಿ ಹಾಳ್ ಮಾಡ್ದೆ ಗುಲಾಬಿ. ಅಂಗಡಿ ಮುಚ್ಚುವ, ಸಾಕ್."

"ಮುಚ್ಚಿ ಎಂತ... ಗಾಳಿ ತಿಂಬುದಾ?" ಎಂದಳು ಅವಳು, ಒಂದೊಂದು ಮಾತಿಗೂ ತಡೆದು. "ಅದೂ... ಸರಿ ಸಿಕ್ಕುದಿಲ್ಲೆ ಈಗ."

ಆ ಸ್ಥಿತಿಯಲ್ಲಿಯೂ ಅವಳು ನಗಲೆತ್ನಿಸಿದಳು. ನನ್ನ ಫ್ಯಾನಿನಲ್ಲಿ ಗಾಳಿಯಿತ್ತು; ಆಕೆಯಲ್ಲಿ ಇರಲಿಲ್ಲ. ನಾನು ಬಿಗಿಹಿಡಿದಿದ್ದುದು ಡ್ರಮ್ಮಿನ ಭಾಗ್ಯವನ್ನಲ್ಲ, ಈ ಹೆಂಗಸಿನ ಉಸಿರನ್ನು ಎಂದು ಆಗ ಹೊಳೆಯಿತು.

ಮರುದಿನ ಮಾಸ್ಟ್ರು ಇಕ್ಕಳ ಹಾಕಿದೊಡನೆ ಸುರುಳಿ ಕರ್ರೆಂದು ಒಂದು ಸುತ್ತು ತಿರುಗಿತು. ಮತ್ತೊಂದು ಸುತ್ತಿಗೆ ಗಾರೆ ಪುಡಿಯಾಗಿ ಉದುರಿತು. ಬಿಸಿಲು ಬಿಡಿಸಿತೋ, ನಾನು ಬಿಟ್ಟೆನೋ ಅಗ್ನಿದೇವನೇ ಬಲ್ಲ. ಹೆಚ್ಚುಗಾರಿಕೆಯನ್ನು ನಾನು ಹೇಳಿಕೊಳ್ಳಲಾರೆ.

ಮೂರು ದಿನದಲ್ಲಿ ಡ್ರಮ್ಮಿನ ಪಕ್ಕೆಗೆ ನನ್ನ ಡಬ್ಬ ಅಂಟಿತು. ಬುಡಕ್ಕೆ ನನ್ನ ಬಟ್ಟಲೂ ಫ್ಯಾನೂ ಸೇರಿದವು. ಮೇಲೊಂದು ತಗಡಿನ ಸೂರು ಬಂತು. ವಾಸನೆ ಕೆಡದಿರಲೆಂದು ಗುಲಾಬಿ ಪೆಲೆಟ್ಟಿನ ಜೊತೆಗೆ ಕರಟದ ಚೂರುಗಳನ್ನೂ ಬೆರೆಸಿದಳು. ಮಾಸ್ಟ್ರು ಸದಾನಂದನಿಗೆ ಬೆರಳು ತೋರಿಸಿ, "ಇನ್ನ್ ಇದಕ್ಕೆ ಕುಂಕುಮ ಸಾಕ್, ಆಯ್ತಾ?" ಎಂದು ಎಚ್ಚರಿಸಿದರು. ಸ್ವಿಚ್ಚು ಹಾಕಿದರು. ಗೋಡೆಯ ಕಾವಲು ಬೀಳಲಿಲ್ಲ. ಗುಲಾಬಿ ಅಭ್ಯಾಸಬಲದಿಂದ ಕುಕ್ಕುರಿಸಲು ಹೋದವಳು, ಊದಲು ಏನೂ ಇಲ್ಲವೆಂದು ಕಂಡು, ಅಂಗಳ ದಾಟಿ ಗಾಳಿಬೀಸುವ ಕಡೆ ಕುರ್ಚಿ ಹಾಕಿಕೊಂಡು ಕೂತಳು. ಬಂಗುಡೆ ಬೇಯುವಷ್ಟು ಹೊತ್ತು ನಾನು ಕಿವಿಗೊಟ್ಟಿದ್ದೆ. ಅವಳು ಒಮ್ಮೆ ಮಾತ್ರ ಕೆಮ್ಮಿದಳು.

ಈಗ ನಾನು ಗೋಡೆಯ ಹಿಂದಿನ ನೆರಳಿನಲ್ಲಿದ್ದೇನೆ. ನನ್ನ ಟೊಳ್ಳು ಒಡಲಿನಲ್ಲಿ ಉಪ್ಪಿನ ಚೀಲಗಳನ್ನು ಇಡುತ್ತಾರೆ. ತುಕ್ಕು ಅವಸರವಿಲ್ಲದೆ ತನ್ನ ಕೆಲಸ ಮಾಡುತ್ತಿದೆ. ಗಿರಾಕಿಗಳು ಡ್ರಮ್ಮನ್ನು ಹೊಗಳುವುದು ಇಲ್ಲಿಗೂ ಕೇಳಿಸುತ್ತದೆ. ನನ್ನ ಮಾತ್ಸರ್ಯ ಪೂರ್ತಿ ಅಳಿಯಿತೆಂದರೆ ಅಪ್ರಾಮಾಣಿಕನಾದೇನು. ಹೊಗಳಿಕೆ ಕೇಳಿದಾಗ ಈಗಲೂ ಒಳಗೆ ಚುರುಕ್ಕೆನ್ನುತ್ತದೆ. ಆದರೆ ಅದೇ ಗಾಳಿಯಲ್ಲಿ ಗುಲಾಬಿ ಯಾರನ್ನೋ ಛೇಡಿಸಿ, ತಡೆಯಿಲ್ಲದೆ, ಒಂದೇ ಉಸಿರಿನಲ್ಲಿ ನಗುವುದೂ ಕೇಳಿಸುತ್ತದೆ. ಆಗ ನನ್ನ ದೃಷ್ಟಿ ಡ್ರಮ್ಮನ್ನು ಬಿಟ್ಟು ಅವಳ ದನಿಯ ಕಡೆ ತಿರುಗುತ್ತದೆ.

ಈ ವೃತ್ತಾಂತಕ್ಕೆ ಕಿವಿಗೊಟ್ಟವರ ಮನೆಯ ಬೆಂಕಿ ಒಲೆಯಲ್ಲಿಯೇ ಇರಲಿ, ಎದೆಗೆ ಏರದಿರಲಿ. ಅವರ ಉಸಿರು ತಡೆಯಿಲ್ಲದೆ ಆಡಲಿ. ಪರರ ಏಳಿಗೆ ಅವರ ಕಣ್ಣಿಗೆ ಹೊಗೆಯಾಗದೆ ಬೆಳಕಾಗಲಿ. ಸರ್ವರಿಗೂ ಮಂಗಳವಾಗಲಿ.