ನನ್ನ ಸೀಟಿನ ನಾಲ್ಕು ತೂತು

ಬಸ್ಸಿನ ಸೀಟು ಬಿಚ್ಚುವುದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಬೋಲ್ಟಿನ ತಲೆ ಬಸ್ಸಿನ ಒಳಗಿರುತ್ತದೆ, ನಟ್ಟು ಬಸ್ಸಿನ ಹೊಟ್ಟೆಯ ಕೆಳಗಿರುತ್ತದೆ. ಮೇಲಿನವರು ತಲೆಯನ್ನು ಬಿಗಿಯಾಗಿ ಹಿಡಿಯದಿದ್ದರೆ ಕೆಳಗಿನವರು ಎಷ್ಟು ತಿರುಗಿಸಿದರೂ ಎರಡೂ ಸೇರಿಕೊಂಡು ಸುತ್ತುತ್ತಲೇ ಇರುತ್ತವೆ. ನನ್ನ ತಮ್ಮ ಮೇಲೆ, ನಾನು ಕೆಳಗೆ. ಹಾಗೆಂದು ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಮೊದಲ ದಿನ ಅವನು ಸ್ಪ್ಯಾನರ್ ಹಿಡಿದು ಬಸ್ಸು ಹತ್ತಿದ, ನಾನು ಗೋಣಿತಾಟು ಹಾಸಿಕೊಂಡು ಬಸ್ಸಿನಡಿಗೆ ನುಸುಳಿದೆ. "ನನ್ನ ಹೊಟ್ಟೆ ಅಲ್ಲಿ ಹಿಡಿಯಲ್ಲ ಅಕ್ಕಾ" ಎಂದು ಹಲ್ಲು ಕಿರಿದ. ಅದು ನಿಜವೂ ಆಗಿತ್ತು.

ಕೂಗಿದರೆ ಒಬ್ಬರಿಗೊಬ್ಬರು ಕೇಳುತ್ತಿರಲಿಲ್ಲ. ಅದಕ್ಕೆ ಕುಟ್ಟುವ ಭಾಷೆ ಮಾಡಿಕೊಂಡೆವು. ಒಂದು ಸಲ ಕುಟ್ಟಿದರೆ 'ಹಿಡಿದಿದ್ದೇನೆ, ತಿರುಗಿಸು'. ಎರಡು ಸಲ ಕುಟ್ಟಿದರೆ 'ನಿಲ್ಲಿಸು'. ಸಿಕ್ಕಾಪಟ್ಟೆ ಕುಟ್ಟಿದರೆ 'ಚಹಾ ಬಂದಿದೆ, ಆರಿಹೋಗುತ್ತೆ'. ತುಕ್ಕಿನ ಪುಡಿ ಕಣ್ಣಿಗೂ ಬಾಯಿಗೂ ಉದುರುತ್ತಿತ್ತು. ಒಬ್ಬರ ಮುಖ ಒಬ್ಬರಿಗೆ ಕಾಣದಿದ್ದರೂ ಒಂದೇ ಬೋಲ್ಟನ್ನು ಎರಡು ಕಡೆಯಿಂದ ಹಿಡಿದುಕೊಂಡಿದ್ದೇವೆ ಎನ್ನುವುದು ನನಗೆ ಬಹಳ ಹಿತವಾಗಿತ್ತು.

ನನ್ನದು ಹೊಲಿಗೆ ಕೆಲಸ. ಮುಂದೆ ಅಂಗಡಿ, ಹಿಂದೆ ಒಂದು ಮಂಚ ಮತ್ತು ಒಲೆ ಹಿಡಿಯುವಷ್ಟು ಕೋಣೆ. ಮದುವೆಯ ಬಟ್ಟೆ ಹೊಲಿದು ಹೊಲಿದು ನನ್ನ ಮದುವೆಯ ವಿಷಯವೇ ಮರೆತುಹೋಯಿತು ಎಂದು ನಾನೇ ಎಲ್ಲರಿಗಿಂತ ಮೊದಲು ತಮಾಷೆ ಮಾಡಿಬಿಡುತ್ತೇನೆ, ಬೇರೆಯವರಿಗೆ ಅವಕಾಶ ಕೊಡುವುದಿಲ್ಲ. ತಮ್ಮ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಯಾವುದೋ ಶಾಲೆಯವರು ಹಳೆಯ ಹಳದಿ ಬಸ್ಸನ್ನು ಗುಜರಿಗೆ ಹಾಕುತ್ತಿದ್ದಾಗ ಅದನ್ನು ಕೊಂಡು ತಂದು ತನ್ನ ಮನೆಯ ಹಿಂದೆ ನಿಲ್ಲಿಸಿ, ಉಸಿರು ಬಿಡದೆ ನನ್ನ ಅಂಗಡಿಗೆ ಓಡಿಬಂದಿದ್ದ.

"ಅದನ್ನ ಮನೆ ಮಾಡೋಣ ಅಕ್ಕಾ. ಮಂಚ, ಒಲೆ, ನೀರಿನ ಟ್ಯಾಂಕು, ಎಲ್ಲಾ ಒಳಗೇ. ಎಲ್ಲಿ ಚೆನ್ನಾಗಿದೆಯೋ ಅಲ್ಲಿ ನಿಲ್ಸೋದು, ಬೇಜಾರಾದ್ರೆ ಹೊರಡೋದು. ನಾನು, ಇವಳು, ನೀನು."

ಇವಳು ಎಂದರೆ ಅವನ ಹೆಂಡತಿ, ನನ್ನ ನಾದಿನಿ.

"ಗಂಡ ಹೆಂಡತಿ ಮಧ್ಯೆ ನನಗೇನೋ ಕೆಲಸ?"

"ಹರಿದ ಬಟ್ಟೆ ಎಲ್ಲಾ ಊರಲ್ಲೂ ಇರುತ್ತೆ. ಮಷೀನ್ ಎತ್ತಿಕೊಂಡು ಬಾ. ನೀನಿಲ್ದೆ ನಾನು ಯಾವಾಗ ಎಲ್ಲಿಗೆ ಹೋಗಿದ್ದೀನಿ ಹೇಳು?"

ಈ ಒಂದು ಮಾತಿಗೆ ನಾನು ಕರಗಿಹೋದೆ. ಅಪ್ಪ ತೀರಿಕೊಂಡ ವರ್ಷವೇ ನನ್ನ ಶಾಲೆ ನಿಂತಿತ್ತು. ಇವನದು ನಿಲ್ಲಬಾರದು ಎಂದು ಅಮ್ಮನ ಜೊತೆ ನಾನೂ ಸೂಜಿ ಹಿಡಿದೆ. ದಿನಾ ಬೆಳಿಗ್ಗೆ ಇವನ ಕಂಕುಳಿಗೆ ಕೈ ಕೊಟ್ಟು ಅವನ ಶಾಲೆಯ ಹಳದಿ ಬಸ್ಸಿಗೆ ಎತ್ತಿ ಹತ್ತಿಸುತ್ತಿದ್ದೆ, ಅವನು ಕಿಟಕಿಯಿಂದ ನಾಲಿಗೆ ಚಾಚಿ ಅಣಕಿಸುತ್ತಿದ್ದ. ಆ ಬಸ್ಸಿನೊಳಗೆ ನಾನು ಒಂದು ಸಲವೂ ಕಾಲಿಟ್ಟಿರಲಿಲ್ಲ. ಅದಕ್ಕೇ ಒಂದು ಷರತ್ತು ಹಾಕಿದೆ. ಎಲ್ಲಾ ಸೀಟು ಕಿತ್ತರೂ ಬಾಗಿಲ ಹಿಂದಿನ ಎರಡನೇ ಕಿಟಕಿಯ ಹತ್ತಿರ ಒಂದು ಶಾಲೆ ಸೀಟು ಹಾಗೇ ಇರಬೇಕು, ಅದು ನನ್ನದು. ತಮ್ಮ ಮಾತು ಕೊಟ್ಟ. ಹೊಸ ಬಟ್ಟೆ ಹೊದಿಸಲೆಂದು ಆ ಸೀಟನ್ನೂ ಬಿಚ್ಚಿ ಅಂಗಡಿಗೆ ಒಯ್ದೆವು. ಅದರ ನಾಲ್ಕು ತೂತು ಮಾತ್ರ ತಪ್ಪಿ ಮುಚ್ಚಿಹೋಗದಿರಲಿ ಎಂದು ಬಸ್ಸಿನಡಿಯಲ್ಲಿ ಒಂದೊಂದರ ಸುತ್ತ ಕೆಂಪು ಬಣ್ಣದಲ್ಲಿ ಸೊನ್ನೆ ಬರೆದೆ. ಮೇಲಿನಿಂದ ಅವನೂ ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದ.

ಉಳಿದ ತೂತುಗಳನ್ನು ಮುಚ್ಚಬೇಕಿತ್ತು, ಇಲ್ಲದಿದ್ದರೆ ರಸ್ತೆಯ ನೀರೆಲ್ಲ ಒಳಗೆ ಬರುತ್ತದೆ. ತೂತಿನ ಮೇಲೆ ಒಂದು ನಾಣ್ಯ ಕೂರಿಸಿ ಸುತ್ತಲೂ ಅಂಟು ಬಳಿದರೆ ಸಾಕು, ಹನಿ ನೀರೂ ಇಳಿಯಲ್ಲ ಎಂದ ತಮ್ಮ. ಚಲಾವಣೆ ನಿಂತುಹೋದ ತಾಮ್ರದ ನಾಣ್ಯಗಳನ್ನು ಅಮ್ಮ ಒಂದು ಡಬ್ಬಿಯ ತುಂಬ ಕೂಡಿಟ್ಟಿದ್ದಳು. ಮತ್ತೆ ಚಲಾವಣೆಗೆ ಬಂದರೆ ಎನ್ನುವುದು ಅವಳ ಆಸೆ. ಅವಳು ಹೋದ ಮೇಲೆ ಆ ಡಬ್ಬಿ ನನ್ನ ಮಂಚದ ಕೆಳಗಿತ್ತು. ತಂದುಕೊಟ್ಟೆ. ಬಲಬದಿಯ ತೂತುಗಳನ್ನು ಇಬ್ಬರೂ ಮಂಡಿಯೂರಿ ಮುಚ್ಚಿದೆವು. "ಅಮ್ಮನೂ ಟೂರ್ ಹೊರಟ್ಲು" ಎಂದು ತಮ್ಮ ಅಂದಾಗ ನಗುನಗುತ್ತಲೇ ನನ್ನ ಕಣ್ಣು ತುಂಬಿಬಂತು. ಬಾಗಿಲ ಬದಿಯದು ಉಳಿದಿತ್ತು. "ನಿನ್ನ ಗಿರಾಕಿ ಕಾಯ್ತಿರ್ತಾರೆ, ನೀನು ಹೋಗು. ಇಷ್ಟು ನಾನು ಮುಗಿಸ್ತೀನಿ" ಎಂದ. ಎಷ್ಟು ಕಾಳಜಿ ನೋಡಿ ಎಂದುಕೊಂಡು ಹೋದೆ. ಮಾರನೆಯ ದಿನ ಬರುವಷ್ಟರಲ್ಲಿ ಪ್ಲೈವುಡ್ಡಿನ ನೆಲ ಹಾಸಿಯಾಗಿತ್ತು.

ಆಮೇಲೆ ಶುರುವಾಯಿತು ನನ್ನ ಹೊಲಿಗೆ. ಬಸ್ಸಿನ ಕಿಟಕಿ ಮನೆಯ ಕಿಟಕಿಯಂತಲ್ಲ, ಮೇಲೆ ಹೋದಂತೆ ಒಳಕ್ಕೆ ವಾಲಿರುತ್ತದೆ. ಪರದೆಯನ್ನು ಮೇಲೆ ಮಾತ್ರ ಕಟ್ಟಿದರೆ ಗಾಜು ಬಿಟ್ಟು ದೂರ ನೇತಾಡುತ್ತದೆ. ಅದಕ್ಕೆ ಪ್ರತಿ ಪರದೆಗೂ ಕೆಳಗೊಂದು ಮೇಲೊಂದು ಸರಳು ತೂರಿಸುವ ಹಾಗೆ ಎರಡೆರಡು ಮಡಿಕೆ ಹೊಲಿದೆ. ಹಿಂಬದಿಯ ಮಂಚಕ್ಕೆ ಸ್ಪಂಜು ಕತ್ತರಿಸಿ ಹಾಸಿಗೆ ಮಾಡಿದೆ, ಮೂಲೆಗೆ ಚಕ್ರದ ಉಬ್ಬು ಬರುತ್ತದೆಂದು ಅದೊಂದೇ ಮೂಲೆಯನ್ನು ನಾಲ್ಕು ಸಲ ಬಿಚ್ಚಿ ಹೊಲಿದೆ. ನಾದಿನಿ ಬಂದು ಕೈಯಾಡಿಸಿ, "ಅತ್ತಿಗೆ, ನಿಮ್ಮ ಕೈಯಲ್ಲಿ ಏನೋ ಇದೆ" ಎನ್ನುತ್ತಿದ್ದಳು. ನಾನು ಉಬ್ಬಿಹೋಗುತ್ತಿದ್ದೆ.

ಅಂಗಡಿ ಬಿಟ್ಟುಕೊಟ್ಟೆ. ಹೊರಡುವುದು ಖಾಯಂ ಆದ ಮೇಲೆ ಬಾಡಿಗೆ ಯಾಕೆ ಎಂದು ನಾದಿನಿಯೇ ಹೇಳಿದ್ದು. ಪಕ್ಕದ ಗುಂಡಿ ಅಂಗಡಿಯವಳು ಮಾತ್ರ ಮೂಗು ಮುರಿದಳು. "ಮೊದ್ಲು ಬಸ್ಸು ಹೊರಡ್ಲಿ, ಆಮೇಲೆ ಬಿಡು. ಎಲ್ಲರನ್ನೂ ನಿನ್ನ ಹಾಗೇ ಅಂದ್ಕೋಬೇಡ" ಎಂದಳು. ಅವಳಿಗೆ ಹೊಟ್ಟೆಕಿಚ್ಚು ಎಂದುಕೊಂಡೆ. ನನ್ನ ಕೋಣೆಗೆ ಮೊಬೈಲ್ ರಿಪೇರಿಯವನು ಬಾಡಿಗೆಗೆ ಬಂದ, ನಾನು ಸಾಮಾನು ಕಟ್ಟಿಕೊಂಡು ತಮ್ಮನ ಮನೆಯ ಹಜಾರದಲ್ಲಿ ಮಲಗತೊಡಗಿದೆ. ಆ ಮನೆಯಲ್ಲಿ ನಾದಿನಿಯ ಅಪ್ಪನೂ ಇದ್ದರು. ಕಚೇರಿಯಲ್ಲಿ ಗಂಟೆ ಒತ್ತಿ ಜವಾನನನ್ನು ಕರೆದು ರೂಢಿಯಾದವರು, ನಿವೃತ್ತರಾದ ಮೇಲೂ ಮಂಚದ ಪಕ್ಕ ಒಂದು ಗಂಟೆ ಇಟ್ಟುಕೊಂಡಿದ್ದರು. ಕನ್ನಡಕ ಜಾರಿದರೂ ಟಿಣ್, ಚಹಾಕ್ಕೆ ಸಕ್ಕರೆ ಕಮ್ಮಿಯಾದರೂ ಟಿಣ್. ಬಸ್ಸು ಹೊರಟಾಗ ಅವರು ಮಗನ ಮನೆಗೆ ಹೋಗುತ್ತಾರೆ ಎಂದು ತಮ್ಮ, ನಾದಿನಿ ಹೇಳಿದ್ದರು. ಅಲ್ಲಿಯ ತನಕ ತಾನೇ ಎಂದು ಆ ಗಂಟೆಗೆ ನಾನೇ ಎದ್ದು ಓಡುತ್ತಿದ್ದೆ.

ನನ್ನ ಸೀಟು ಹಾಕುವ ಮಾತೆತ್ತಿದಾಗಲೆಲ್ಲ ತಮ್ಮ, "ಅದು ಕೊನೆಗೆ ಅಕ್ಕಾ, ಈಗ್ಲೇ ಹಾಕಿದ್ರೆ ಓಡಾಡೋಕೆ ಅಡ್ಡ" ಎನ್ನುತ್ತಿದ್ದ. ಮಂಚ ಬಂತು, ಒಲೆಯ ಕಟ್ಟೆ ಬಂತು, ಕಪಾಟು ಬಂತು. ಬಸ್ಸನ್ನು ಆರ್‌ಟಿಒ ತಪಾಸಣೆಗೆ ಒಯ್ಯಲು ಎರಡು ದಿನ ಉಳಿದಿತ್ತು. ನಾನು ಸೀಟಿಗೆ ನೀಲಿ ರೆಕ್ಸಿನ್ ಹೊದಿಸಿ ಮುಗಿಸಿದ್ದೆ. ಬೆನ್ನಿನ ಹಿಂದೆ ಯಾವ ಮಗುವೋ ಕೈವಾರದಿಂದ ಕೊರೆದ ಮೀನಿನ ಚಿತ್ರವೊಂದಿತ್ತು, ಅಷ್ಟನ್ನು ಹಾಗೇ ಬಿಟ್ಟಿದ್ದೆ. ಇವನನ್ನು ಕಾದರೆ ಆಗುವುದಿಲ್ಲ, ನಾನೇ ತಯಾರಿ ಮಾಡಿ ಬೆರಗಾಗಿಸುತ್ತೇನೆ ಎಂದು ಮಧ್ಯಾಹ್ನದ ಊಟವಾದ ಮೇಲೆ ಟಾರ್ಚು, ಡ್ರಿಲ್ಲು, ಹೊಸ ಬೋಲ್ಟು ಹಿಡಿದುಕೊಂಡು ಬಸ್ಸಿನಡಿಗೆ ನುಸುಳಿದೆ. ಕೆಂಪು ಸುತ್ತಿನ ತೂತಿನಿಂದ ಮೇಲಕ್ಕೆ ಡ್ರಿಲ್ ಮಾಡಿದರೆ ಪ್ಲೈವುಡ್ ದಾಟಿ ದಾರಿಯಾಗುತ್ತದೆ. ಅಷ್ಟೇ ಕೆಲಸ. ಮೇಲೆ ತಮ್ಮ ಕಪಾಟಿಗೆ ಚಿಲಕ ಕೂರಿಸುತ್ತಿದ್ದ.

ಟಾರ್ಚು ಬಿಟ್ಟೆ. ಕೆಂಪು ಸೊನ್ನೆಯ ನಡುವೆ ಮರ ಕಾಣಬೇಕಿತ್ತು. ತಾಮ್ರ ಕಂಡಿತು. ಎರಡನೆಯದರಲ್ಲೂ ತಾಮ್ರ. ಮೂರು, ನಾಲ್ಕು. ಬೋಲ್ಟಿನ ತುದಿಯಿಂದ ತಿವಿದೆ, ಲೋಹಕ್ಕೆ ಲೋಹ ತಾಗಿದ ಸದ್ದು. ಅಮ್ಮನ ನಾಣ್ಯಗಳು ಗಟ್ಟಿಯಾಗಿ ಕೂತಿದ್ದವು.

ನಾನು ಮಲಗಿದಲ್ಲೇ ಲೆಕ್ಕ ಹಾಕಿದೆ. ನಾಣ್ಯ ಕೂರಿಸುವುದು ನೆಲದ ಹಲಗೆ ಹಾಕುವ ಮೊದಲು. ಹಲಗೆಯ ಮೇಲೆ ಮಂಚ, ಮಂಚದ ಮೇಲೆ ಹಾಸಿಗೆ. ಅಂದರೆ ನಾನು ಒಂದು ಪರದೆ ಹೊಲಿಯುವ ಮುಂಚೆ, ಅಂಗಡಿಯ ಬೀಗದ ಕೈ ಕೊಡುವ ಮುಂಚೆ, ಇವರ ಮನೆಯ ಗಂಟೆಗೆ ಓಡುವ ಮುಂಚೆ ನನ್ನ ಜಾಗ ಮುಚ್ಚಿಹೋಗಿತ್ತು. ಅದರ ಮೇಲೆ ನಿಂತುಕೊಂಡೇ ಇವನು ನನ್ನ ಹತ್ತಿರ ಅಳತೆ ತೆಗೆಸಿದ್ದ. ಡ್ರಿಲ್ಲನ್ನು ಪಕ್ಕಕ್ಕೆ ಇಟ್ಟೆ. ಸಿಟ್ಟು ಆಮೇಲೆ ಬಂತು.

ಸ್ಪ್ಯಾನರ್ ತೆಗೆದುಕೊಂಡು ಸರಿಯಾಗಿ ಆ ಕೆಂಪು ಸುತ್ತಿನ ಮೇಲೆ ಒಂದು ಸಲ ಕುಟ್ಟಿದೆ.

ಮೇಲೆ ಚಿಲಕದ ಸದ್ದು ನಿಂತಿತು. ಎಲ್ಲಿಂದ ಕುಟ್ಟಿದ್ದು ಎಂದು ಅವನಿಗೆ ತಿಳಿಯದೇ ಇರುತ್ತದೆಯೇ? ಇನ್ನೊಂದು ಸಲ ಕುಟ್ಟಿದೆ. ಹೆಜ್ಜೆಗಳು ಮೆಲ್ಲಗೆ ಬಾಗಿಲಿಗೆ ಬಂದವು, ಇಳಿದವು. ಮುಂದಿನ ಚಕ್ರದ ಪಕ್ಕ ಅವನ ಬೂಟುಗಳು ಬಂದು ನಿಂತವು. ಅವನು ಬಗ್ಗಲಿಲ್ಲ.

"ಅಕ್ಕಾ, ಈಚೆ ಬಾ."

"ಇಲ್ಲಿಂದ್ಲೇ ಚೆನ್ನಾಗಿ ಕಾಣ್ತಿದೆ. ನನ್ನ ಸೀಟಿನ ತೂತು ಯಾಕೋ ಮುಚ್ಚಿದೆ?"

ಮರೆತೆ ಎಂದಿದ್ದರೆ ನಂಬಿಬಿಡುತ್ತಿದ್ದೆ. ನಂಬಲು ತಯಾರಾಗಿಯೇ ಮಲಗಿದ್ದೆ.

"ಹೇಳ್ಬೇಕು ಅಂತಾನೇ ಇದ್ದೆ ಅಕ್ಕಾ" ಎಂದ.

ಅಷ್ಟರಲ್ಲಿ ಬೂಟಿನ ಪಕ್ಕ ನಾದಿನಿಯ ಚಪ್ಪಲಿಗಳೂ ಬಂದವು.

"ತಪ್ಪು ತಿಳ್ಕೋಬೇಡಿ ಅತ್ತಿಗೆ. ಮದುವೆ ಆದಾಗಿಂದ ನಾವಿಬ್ರೇ ಅಂತ ಒಂದು ದಿನಾನೂ ಇದ್ದಿಲ್ಲ. ಒಂದೆರಡು ವರ್ಷ ಸುತ್ತಿ ಬರ್ತೀವಿ. ಮನೆಯೇನು ನಿಮಗೆ ಬೇರೇನಾ? ಪೂರ್ತಿ ನಿಮ್ಮದೇ ಅಂದ್ಕೊಂಡು ಇರಿ. ಹೇಗೂ ಅಂಗಡೀನೂ ಬಿಟ್ಟಿದ್ದೀರಿ. ಅಪ್ಪನಿಗೂ ಒಬ್ಬರು ಜೊತೆ ಬೇಕಲ್ಲ."

"ನಿಮ್ಮಪ್ಪ ನಿಮ್ಮಣ್ಣನ ಮನೆಗೆ ಹೋಗ್ತಾರೆ ಅಂದಿದ್ರಲ್ಲ?"

ಚಪ್ಪಲಿ ಸ್ವಲ್ಪ ಹಿಂದೆ ಸರಿಯಿತು. "ಅಣ್ಣನ ಮನೇಲಿ ಮೆಟ್ಟಿಲು ಜಾಸ್ತಿ. ಅಪ್ಪನಿಗೆ ನೀವು ಮಾಡೋ ಚಹಾನೇ ಇಷ್ಟ."

ಆಗ ನನಗೆ ಪೂರ್ತಿ ಅರ್ಥವಾಯಿತು. ಇಬ್ಬರೇ ಹೋಗಬೇಕು ಎನಿಸಿದ್ದು ತಪ್ಪಲ್ಲ. ಯಾರಿಗಾದರೂ ಅನಿಸುತ್ತದೆ. ಆದರೆ ಇವರು ನನ್ನನ್ನು ಬಿಟ್ಟುಹೋಗುತ್ತಿರಲಿಲ್ಲ, ಇಟ್ಟುಹೋಗುತ್ತಿದ್ದರು. ಅಂಗಡಿ ಬಿಡಿಸಿದ್ದು, ಹಜಾರದಲ್ಲಿ ಹಾಸಿಗೆ ಹಾಕಿದ್ದು, ಗಂಟೆಗೆ ಅಭ್ಯಾಸ ಮಾಡಿಸಿದ್ದು, ಎಲ್ಲಾ ಅದಕ್ಕೇ. ನನ್ನನ್ನೂ ಆ ಮನೆಗೆ ಬೋಲ್ಟ್ ಹಾಕಿ ಕೂರಿಸಿಯಾಗಿತ್ತು. ನಟ್ಟು ತಿರುಗಿಸಿದವಳೂ ನಾನೇ!

"ಮೊದ್ಲೇ ಯಾಕೆ ಬಾಯಿ ಬಿಡಲಿಲ್ಲ?" ಎಂದು ಕೇಳಿದೆ.

ತಮ್ಮ ಬೂಟಿನ ತುದಿಯಿಂದ ನೆಲ ಕೆರೆದ.

"ಮೊದ್ಲೇ ಹೇಳಿದ್ರೆ ನೀನು ಇಷ್ಟೆಲ್ಲ ಹೊಲ್ಕೊಡ್ತಿದ್ಯಾ?"

"ಹೊಲ್ಕೊಡ್ತಿದ್ದೆ ಕಣೋ" ಎಂದೆ.

ನನಗೆ ಅಳು ಬಂತು. ಬಸ್ಸಿನಡಿಯಲ್ಲಿ ಅಂಗಾತ ಮಲಗಿ ಅತ್ತರೆ ಕಣ್ಣೀರು ಕಿವಿಗೆ ಇಳಿಯುತ್ತದೆ ಎಂದು ಆವತ್ತು ಗೊತ್ತಾಯಿತು.

ಸಂಜೆ ಗುಂಡಿ ಅಂಗಡಿಯವಳ ಹತ್ತಿರ ಹೋದೆ. ನಾನು ಹೇಳಿದ್ದೆನಲ್ಲ ಎಂದು ಆಡಿಕೊಳ್ಳುತ್ತಾಳೆ ಎಂದು ಎದೆ ಗಟ್ಟಿಮಾಡಿಕೊಂಡು ಹೋಗಿದ್ದೆ. ಅವಳು ಬೈದದ್ದು ತಮ್ಮನನ್ನು, ನನ್ನನ್ನಲ್ಲ. ಅವನ ಹೊಟ್ಟೆಯಿಂದ ಹಿಡಿದು ಬೂಟಿನವರೆಗೆ ಏನನ್ನೂ ಬಿಡಲಿಲ್ಲ. ಕೊನೆಗೆ, "ಅರ್ಧ ಅಂಗಡಿ ನಿನ್ನದು, ಮಷೀನ್ ತಂದು ಹಾಕು. ರಾತ್ರಿ ನಮ್ಮನೇಲಿ ಮಲಕ್ಕೋ. ಆ ಪರದೆ ಎಲ್ಲಾ ಕಿತ್ಕೊಂಡು ಬಾ ಮೊದ್ಲು" ಎಂದಳು. ಪರದೆ ಕೀಳಲಿಲ್ಲ. ಹೊಲಿದು ಕೊಟ್ಟಿದ್ದನ್ನು ಬಿಚ್ಚಿ ತರುವ ಅಭ್ಯಾಸ ನನಗಿಲ್ಲ.

ಮರುದಿನ ಬೆಳಿಗ್ಗೆ ಟೆಂಪೊ ತರಿಸಿದೆ. ಮಷೀನು, ಬಟ್ಟೆಯ ಗಂಟು, ಅಮ್ಮನ ಖಾಲಿ ಡಬ್ಬಿ, ನೀಲಿ ಸೀಟು. ಟೆಂಪೊದವನೂ ನಾನೂ ಸೇರಿ ಸೀಟನ್ನು ಹಿಂದಕ್ಕೆ ಎತ್ತಿಟ್ಟು ಹಗ್ಗ ಬಿಗಿದೆವು. ನಾದಿನಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ತಮ್ಮ ಬಸ್ಸಿನೊಳಗೆ ಇದ್ದ. ತಪಾಸಣೆಗೆ ಮುಂಚೆ ನೀರಿನ ಟ್ಯಾಂಕಿನ ಪಟ್ಟಿಯನ್ನು ಬಿಗಿಯಬೇಕು, ಅದರ ಬೋಲ್ಟಿನ ತಲೆ ಒಳಗೆ, ನಟ್ಟು ಕೆಳಗೆ. ನನ್ನನ್ನು ಕರೆಯುವ ಮುಖ ಅವನಿಗಿರಲಿಲ್ಲ.

"ಮುಂದೆ ಬನ್ನಿ ಅಕ್ಕಾ, ಜಾಗ ಇದೆ" ಎಂದ ಟೆಂಪೊದವನು.

"ಬೇಡ, ನನ್ನ ಸೀಟಿದೆ" ಎಂದು ಹಿಂದೆಯೇ ಹತ್ತಿ ಕೂತೆ. ರೆಕ್ಸಿನ್ ಬಿಗಿಯಾಗಿ ಬಂದಿತ್ತು, ಎಲ್ಲೂ ಸುಕ್ಕಿರಲಿಲ್ಲ.

ಮನೆಯೊಳಗೆ ಟಿಣ್ ಎಂದಿತು. ಸ್ವಲ್ಪ ಬಿಟ್ಟು ಮತ್ತೆ ಟಿಣ್. ನನ್ನ ಕಾಲು ತಾನಾಗಿಯೇ ಏಳಲು ಹೊರಟಿತು, ಒತ್ತಿ ಹಿಡಿದೆ. ಆಗ ಬಸ್ಸಿನ ಒಳಗಿನಿಂದ ಒಂದು ಸಲ ಕುಟ್ಟಿದ ಸದ್ದು ಬಂತು. ರೂಢಿಯಿಂದ ಕುಟ್ಟಿದನೋ, ಬೇಕೆಂದೇ ಕುಟ್ಟಿದನೋ ನನಗೆ ಗೊತ್ತಿಲ್ಲ.

"ಯಾರೋ ಕರೀತಿದ್ದಾರೆ ಅನ್ಸುತ್ತೆ" ಎಂದ ಟೆಂಪೊದವನು.

"ಕರೀಲಿ ಬಿಡಿ, ನೀವು ಹೊರಡಿ."

ಗಾಡಿ ತಿರುಗುವಾಗ ಮತ್ತೊಮ್ಮೆ ಕುಟ್ಟಿದ. ಹಿಡಿದಿದ್ದೇನೆ, ತಿರುಗಿಸು. ಬಸ್ಸಿನಡಿಯಲ್ಲಿ ನನ್ನ ಗೋಣಿತಾಟು ಮಾತ್ರ ಬಿದ್ದಿತ್ತು.